ಬಾಡಿಗೆ ಎಲ್ಲಿಂದ ಹುಟ್ಟುತ್ತದೆ?

ಹುಬ್ಬಳ್ಳಿ-ಧಾರವಾಡದಲ್ಲಿ ಅಂಗಡಿ, ಕಚೇರಿ, ಗೋದಾಮುಗಳನ್ನು ಬಾಡಿಗೆಗೆ ಕೊಡಿಸುವುದು ನನ್ನ ಕಸುಬು. ಗದಗ, ಹಾವೇರಿ, ರಾಣೆಬೆನ್ನೂರು, ದಾವಣಗೆರೆಗಳಲ್ಲೂ ಒಂದಷ್ಟು ಓಡಾಡಿದ್ದೇನೆ. ಈಗೀಗ ಮದುವೆ ಮನೆಗೆ ಹೋದರೂ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: ಬೆಂಗಳೂರಿನಲ್ಲಿ ಕೈ ಹಾಕುವ ಹಾಗಿಲ್ಲ, ನಮ್ಮೂರಲ್ಲೇ ಒಂದು ಕಾಂಪ್ಲೆಕ್ಸ್ ಕಟ್ಟಿದರೆ ಹೇಗೆ? ಮೊದಮೊದಲು ಹಿಂದುಮುಂದು ನೋಡದೆ ‘ಕಟ್ಟಿ’ ಎನ್ನುತ್ತಿದ್ದೆ. ನನ್ನ ಮಾತು ಕೇಳಿ ಕಟ್ಟಿದವರಲ್ಲಿ ಕೆಲವರಿಗೆ ನಷ್ಟವಾಯಿತು. ಕಲಿತವನು ನಾನು, ದುಡ್ಡು ಹೋದದ್ದು ಅವರದು. ಆ ಋಣಕ್ಕಾದರೂ ಕಲಿತದ್ದನ್ನು ಬರೆದಿಡಬೇಕು ಅನಿಸಿದೆ.

1. ಆಸ್ತಿಯ ಬೆಲೆ ಬರುವುದು ಒಂದು ಕಡೆಯಿಂದ, ಬಾಡಿಗೆ ಬರುವುದು ಇನ್ನೊಂದು ಕಡೆಯಿಂದ

ನಿವೃತ್ತ ಹೈಸ್ಕೂಲ್ ಮಾಸ್ತರರೊಬ್ಬರು ತಮ್ಮ ನಿವೃತ್ತಿಯ ಗಂಟಿಗೆ ಊರಿನ ಹೊಲ ಮಾರಿದ ಹಣ ಸೇರಿಸಿಕೊಂಡು ಬಂದಿದ್ದರು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹೊಸ ಕಾಂಪ್ಲೆಕ್ಸಿನ ನೆಲಮಹಡಿ ಮಳಿಗೆಯೊಂದನ್ನು ತೋರಿಸಿದೆ. ಬೆಲೆ 80 ಲಕ್ಷ. ಆ ಗಲ್ಲಿಯಲ್ಲಿ ಚದರ ಅಡಿಯ ದರ ಹೇಗೆ ಏರುತ್ತ ಬಂದಿದೆ ಎಂದು ಉತ್ಸಾಹದಿಂದ ವಿವರಿಸಿದೆ. ಅವರು ಕೇಳಿದ್ದು ಒಂದೇ ಮಾತು: “ತಮ್ಮಾ, ಬಾಡಗಿ ಎಷ್ಟ ಬರ್ತೈತಿ?” “ಮೂವತ್ತ ಸಾವಿರಕ್ಕೇನೂ ಮೋಸ ಇಲ್ರಿ ಸರ್” ಎಂದುಬಿಟ್ಟೆ. ಬಂದದ್ದು 22 ಸಾವಿರ, ಅದೂ ಆರು ತಿಂಗಳು ಶಟರ್ ಮುಚ್ಚಿಯೇ ಇದ್ದ ಮೇಲೆ. ವರ್ಷಕ್ಕೆ 2.64 ಲಕ್ಷ, ಅಂದರೆ ಹಾಕಿದ ಹಣಕ್ಕೆ ಶೇ 3.3. ಅದೇ ಹಣ ಶೇ 7ರ ಠೇವಣಿಯಲ್ಲಿದ್ದರೆ 5.6 ಲಕ್ಷ ಬರುತ್ತಿತ್ತು. ಆಸ್ತಿ ತೆರಿಗೆ, ಕಾಂಪ್ಲೆಕ್ಸಿನ ನಿರ್ವಹಣೆ ವೆಚ್ಚ ಬೇರೆ. ಮಾಸ್ತರರಿಗೆ ಬೇಕಾಗಿದ್ದದ್ದು ಪ್ರತಿ ತಿಂಗಳು ಕೈಗೆ ಬರುವ ಹಣ. ನಾನು ಕೊಡಿಸಿದ್ದು ಕಾಗದದ ಮೇಲೆ ಬೆಳೆಯುವ ಬೆಲೆ.

ಆಮೇಲೆ ಯೋಚಿಸಿದಾಗ ಹೊಳೆಯಿತು. ನಮ್ಮಂಥ ಊರುಗಳಲ್ಲಿ ಆಸ್ತಿಯ ಬೆಲೆ ಏರಿಸುವ ಹಣ ಆ ಬೀದಿಯ ವ್ಯಾಪಾರದಲ್ಲಿ ಹುಟ್ಟಿದ್ದಲ್ಲ. ಶಿರಸಿ ಕಡೆಯ ಅಡಿಕೆ, ಬ್ಯಾಡಗಿಯ ಮೆಣಸಿನಕಾಯಿ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳ ಸಂಬಳ, ನಿವೃತ್ತರ ಉಳಿತಾಯ, ಇವೆಲ್ಲ ಹರಿದು ಬಂದು ಭೂಮಿಯಲ್ಲಿ ನಿಲ್ಲುತ್ತವೆ. ಬಾಡಿಗೆ ಹಾಗಲ್ಲ. ಅದು ಗಲ್ಲಾಪೆಟ್ಟಿಗೆಯಿಂದಲೇ ಹುಟ್ಟಬೇಕು. ಬಟ್ಟೆ ಅಂಗಡಿಯವನು ಮಾರಾಟದ ಹತ್ತರಲ್ಲೊಂದು ಪಾಲನ್ನು ಬಾಡಿಗೆಗೆ ಕೊಡಬಲ್ಲ ಎಂದಿಟ್ಟುಕೊಳ್ಳೋಣ. 40 ಸಾವಿರ ಬಾಡಿಗೆ ಕಟ್ಟಲು ಅವನು ತಿಂಗಳಿಗೆ 4 ಲಕ್ಷದ ವ್ಯಾಪಾರ ಮಾಡಬೇಕು, ದಿನಕ್ಕೆ 13 ಸಾವಿರದ ಮೇಲೆ. ಆಷಾಢದಲ್ಲೂ, ಮಳೆ ಹಿಡಿದ ದಿನವೂ. ಕಿರಾಣಿಯಲ್ಲಿ ಲಾಭ ಇನ್ನೂ ತೆಳು. ಅದೇ ಬಾಡಿಗೆಗೆ ಅವನ ವ್ಯಾಪಾರ ಇದರ ಎರಡು ಪಟ್ಟಿಗಿಂತ ಹೆಚ್ಚು ಬೇಕು.

ಈಗ ಯಾವುದೇ ಮಳಿಗೆ ನೋಡಲು ಹೋದರೂ ಎದುರಿನ ಅಂಗಡಿಕಟ್ಟೆಯ ಮೇಲೆ ಸಂಜೆ ಆರರಿಂದ ಎಂಟರವರೆಗೆ ಕುಳಿತುಕೊಳ್ಳುತ್ತೇನೆ. ಎಷ್ಟು ಜನ ಹಾದುಹೋದರು ಎಂಬುದಕ್ಕಿಂತ ಎಷ್ಟು ಜನ ಕೈಯಲ್ಲಿ ಚೀಲ ಹಿಡಿದು ಹೊರಬಂದರು ಎಂದು ನೋಡುತ್ತೇನೆ. ಕೊಳ್ಳುವ ಖರ್ಚನ್ನೂ ಮೊದಲೇ ಬರೆದು ಕೊಡುತ್ತೇನೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶಹರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6. ಒಟ್ಟು ಶೇ 7.6. ಮಾಸ್ತರರ ಮಳಿಗೆಯನ್ನು ಇವತ್ತು ಅದೇ 80 ಲಕ್ಷಕ್ಕೆ ಕೊಂಡರೆ ಬರೀ ಕಾಗದಕ್ಕೆ 6 ಲಕ್ಷದ ಮೇಲೆ. ಎರಡು ವರ್ಷದ ಬಾಡಿಗೆ ಅದಕ್ಕೇ ಹೋಯಿತು.

2. ಎರಡನೇ ಮಹಡಿಯನ್ನು ನಂಬಿ ಸಾಲ ಮಾಡಬೇಡಿ

ಮೂರು ಮಹಡಿ ಕಟ್ಟಿದರೆ ಮೂರು ಪಟ್ಟು ಬಾಡಿಗೆ ಎಂಬ ಲೆಕ್ಕ ನನ್ನ ತಲೆಯಲ್ಲೂ ಇತ್ತು. ಗೋಕುಲ ರಸ್ತೆಯ ಬದಿಯಲ್ಲಿ ಸೋದರರಿಬ್ಬರು ಕಟ್ಟಿದ ಕಾಂಪ್ಲೆಕ್ಸಿಗೆ ನಾನೇ ಅಂದಾಜು ಪಟ್ಟಿ ಬರೆದುಕೊಟ್ಟಿದ್ದೆ: ನೆಲಮಹಡಿಗೆ ಪೂರ್ತಿ ದರ, ಮೊದಲನೆಯದಕ್ಕೆ ಮುಕ್ಕಾಲು, ಎರಡನೆಯದಕ್ಕೆ ಅರ್ಧ. ಬ್ಯಾಂಕಿನವರು ಆ ಪಟ್ಟಿ ನೋಡಿಯೇ ಸಾಲ ಕೊಟ್ಟರು. ನೆಲಮಹಡಿಯ ಅಂಗಡಿಗಳು ಹಬ್ಬದೊಳಗೆ ತುಂಬಿದವು. ಮೇಲಿನವು ವರ್ಷ ಕಳೆದರೂ ಹಾಗೇ ಉಳಿದವು.

ಕೊನೆಗೆ ಎರಡನೇ ಮಹಡಿಯಲ್ಲಿ ಒಬ್ಬ ಅಕ್ಕ ಹೊಲಿಗೆ ಮತ್ತು ಸೀರೆ ಬ್ಲೌಸಿನ ಅಂಗಡಿ ಇಟ್ಟರು. ಕೈಕೆಲಸ ಬಹಳ ಚೆನ್ನಾಗಿತ್ತು. ನಾಲ್ಕು ತಿಂಗಳಿಗೆ ನನ್ನನ್ನು ಕರೆದು ಹೇಳಿದರು: “ಅಣ್ಣಾ, ಗಿರಾಕಿ ಮ್ಯಾಲ ಹತ್ತಿ ಬರಂಗಿಲ್ರಿ. ಬಂದವ್ರೂ ಮೊದಲ ಮಷಿನ್ ಕೆಟ್ಟೈತೇನ ಅಂತ ಲಿಫ್ಟಿನ ಕಡೆ ಕೈ ಮಾಡ್ತಾರ.” ಲಿಫ್ಟ್ ಕೆಟ್ಟಿರಲಿಲ್ಲ. ಕರೆಂಟ್ ಬಿಲ್ಲು ಉಳಿಸಲು ಮಾಲೀಕರು ಮಧ್ಯಾಹ್ನ ಬಂದ್ ಮಾಡುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಮಹಡಿಯಲ್ಲಿ ಶೌಚಾಲಯವಿರಲಿಲ್ಲ. ನಕ್ಷೆಯಲ್ಲಿ ಇದ್ದ ಶೌಚಾಲಯದ ಜಾಗದಲ್ಲಿ ಇನ್ನೊಂದು ಮಳಿಗೆ ಎದ್ದಿತ್ತು. ಆ ನಕ್ಷೆ ನೋಡಿದವನು ನಾನು. ಒಂದು ಮಳಿಗೆ ಹೆಚ್ಚಾಯಿತಲ್ಲ ಎಂದು ಖುಷಿಪಟ್ಟವನೂ ನಾನೇ.

ಬೆಂಗಳೂರಿನಲ್ಲಿ ಮೇಲಿನ ಮಹಡಿ ತುಂಬುವುದು ನೆಲದ ಮೇಲೆ ಜಾಗ ಸಿಗದ ಕಾರಣಕ್ಕೆ. ಇಲ್ಲಿ ಮುಂದಿನ ಕ್ರಾಸಿನಲ್ಲೇ ನೆಲಮಹಡಿ ಸಿಗುತ್ತದೆ, ಬಾಡಿಗೆ ಒಂದಿಷ್ಟು ಕಡಿಮೆಯೂ ಇರುತ್ತದೆ. ಮೇಲಕ್ಕೆ ಹತ್ತಿ ಬರುವುದು ಹುಡುಕಿಕೊಂಡೇ ಬರುವ ಗಿರಾಕಿ ಮಾತ್ರ: ವಕೀಲರ ಬಳಿಗೆ, ತೆರಿಗೆ ಸಲಹೆಗಾರರ ಬಳಿಗೆ, ಹಲ್ಲಿನ ವೈದ್ಯರ ಬಳಿಗೆ, ಟ್ಯೂಷನ್‌ಗೆ, ಜಿಮ್‌ಗೆ. ಅವರನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಮೇಲಂತಸ್ತು ಕಟ್ಟಬೇಕು. ಅದು ಆಗದಿದ್ದರೆ ಅಡಿಪಾಯ ಗಟ್ಟಿ ಹಾಕಿ ನೆಲಮಹಡಿಗೆ ನಿಲ್ಲಬೇಕು. ಸಾಲದ ಕಂತನ್ನು ಕೆಳಗಿನ ಬಾಡಿಗೆಯೊಂದರಿಂದಲೇ ತೀರಿಸಲು ಆಗುತ್ತದೆಯೇ ಎಂದು ಈಗ ಎಲ್ಲರನ್ನೂ ಮೊದಲು ಕೇಳುತ್ತೇನೆ. ಆಗದಿದ್ದರೆ ಕಟ್ಟುವುದು ಬೇಡ ಎನ್ನುತ್ತೇನೆ, ನನ್ನ ಕಮಿಷನ್ ಹೋದರೂ.

ಸೋದರರಲ್ಲಿ ಕಿರಿಯವರು ಆ ಸಾಲ ತೀರಿಸಲು ತಮ್ಮ ಪಾಲಿನ ಮನೆ ಸೈಟ್ ಮಾರಿದರು. ಎದುರಾದಾಗೆಲ್ಲ ಚಹಾ ಕುಡಿಸಿಯೇ ಕಳಿಸುತ್ತಾರೆ. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

3. ಬ್ಯಾಂಕೂ ಖಾಲಿ ಮಾಡಿಕೊಂಡು ಹೋಗುತ್ತದೆ

ನಮ್ಮ ಕಡೆ ಕಟ್ಟಡದ ಮಾಲೀಕನಿಗೆ ಬ್ಯಾಂಕ್ ಬಾಡಿಗೆದಾರನಾಗಿ ಸಿಕ್ಕರೆ ಮಗಳಿಗೆ ಸರ್ಕಾರಿ ನೌಕರಿಯ ವರ ಸಿಕ್ಕಷ್ಟು ನೆಮ್ಮದಿ. ನಾನೂ ಹಾಗೇ ಹೇಳಿ ಒಪ್ಪಿಸುತ್ತಿದ್ದೆ. ಸ್ಟ್ರಾಂಗ್‌ರೂಮಿಗೆ ದಪ್ಪ ಗೋಡೆ, ಎಟಿಎಮ್ಮಿಗೆ ಪ್ರತ್ಯೇಕ ಬಾಗಿಲು, ಜನರೇಟರಿಗೆ ಜಾಗ, ಎಲ್ಲವನ್ನೂ ಮಾಲೀಕರ ಖರ್ಚಿನಲ್ಲೇ ಮಾಡಿಸಿಕೊಟ್ಟೆ. ಕರಾರಿನಲ್ಲಿ ಒಂದು ಸಾಲು ಇರುತ್ತಿತ್ತು: ಬಾಡಿಗೆದಾರರು ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಅವರೇಕೆ ಬಿಡುತ್ತಾರೆ ಎಂದು ಆ ಸಾಲಿನ ಮೇಲೆ ಬೆರಳಿಟ್ಟು ಓದಿಸಲೇ ಇಲ್ಲ.

2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಜೊತೆ ಸೇರಿತು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಂದಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾದವು. ಕರ್ನಾಟಕದಲ್ಲೇ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಮೂರೇ ವರ್ಷದಲ್ಲಿ ಬೋರ್ಡಿನಿಂದ ಇಳಿದವು. ಒಂದೇ ಬೀದಿಯಲ್ಲಿ ಎರಡು ಶಾಖೆಗಳಿದ್ದ ಕಡೆ ಒಂದು ಸಾಕು ಎಂದಾಯಿತು. ನಾನು ಬ್ಯಾಂಕ್ ತಂದುಕೊಟ್ಟಿದ್ದ ತಾಲ್ಲೂಕು ಕೇಂದ್ರವೊಂದರ ಮಾಲೀಕರಿಗೂ ನೋಟಿಸ್ ಬಂತು. ಅವರ ಮನೆಗೆ ಅದೊಂದೇ ಆದಾಯ. ಖಾಲಿಯಾದ ಜಾಗವನ್ನು ಹಾರ್ಡ್‌ವೇರ್ ಅಂಗಡಿಯವರು ನೋಡಿದರು. ನಡುವೆ ಇದ್ದ ಸ್ಟ್ರಾಂಗ್‌ರೂಮ್ ಕೆಡವಿಕೊಟ್ಟರೆ ಬರುತ್ತೇವೆ ಎಂದರು. ಅದನ್ನು ಕೆಡವಲು ಆದ ಖರ್ಚು ಕಟ್ಟಲು ಆದದ್ದಕ್ಕಿಂತ ತೀರಾ ಕಡಿಮೆಯೇನೂ ಇರಲಿಲ್ಲ.

ಈಗ ಒಬ್ಬನೇ ದೊಡ್ಡ ಬಾಡಿಗೆದಾರ ಬಂದರೆ ಎರಡು ವಿಷಯಕ್ಕೆ ಹಟ ಹಿಡಿಯುತ್ತೇನೆ. ಒಳಗಿನ ವಿಶೇಷ ಕೆಲಸದ ಖರ್ಚು ಅವರದು. ಮಾಲೀಕರೇ ಹಾಕಬೇಕಾಗಿ ಬಂದರೆ ಆ ಹಣ ಹಿಂದಿರುಗುವವರೆಗೆ ಲಾಕ್-ಇನ್, ಅಂದರೆ ಬಾಡಿಗೆದಾರ ನಡುವೆ ಬಿಟ್ಟುಹೋಗಲಾಗದ ಅವಧಿ, ಇರಲೇಬೇಕು.

4. ರಸ್ತೆ ಅಗಲವಾದ ಮಾತ್ರಕ್ಕೆ ವ್ಯಾಪಾರ ಬೆಳೆಯುವುದಿಲ್ಲ

ಹುಬ್ಬಳ್ಳಿ-ಧಾರವಾಡ ನಡುವೆ ಬಿಆರ್‌ಟಿಎಸ್ ಬರುತ್ತದೆ ಎಂದಾಗ ಆ 22 ಕಿಲೊಮೀಟರ್ ಉದ್ದಕ್ಕೂ ಅಂಗಡಿ ಕೊಂಡವರು ಬಂಗಾರದ ಬೆಳೆ ತೆಗೆಯುತ್ತಾರೆ ಎಂದು ನಂಬಿದ್ದೆ. ಕಾಮಗಾರಿ ವರ್ಷಗಟ್ಟಲೆ ನಡೆಯಿತು. ಧೂಳಿನಲ್ಲಿ ಬಾಗಿಲು ಹಾಕಿಕೊಂಡ ಅಂಗಡಿಗಳು ಕೆಲವು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆ ಆಯಿತು. ಮರು ತಿಂಗಳೇ ಲಾಕ್‌ಡೌನ್. ಎಲ್ಲ ತಿಳಿಯಾದ ಮೇಲೆ ನೋಡಿದರೆ ರಸ್ತೆಯ ನಡುವೆ ‘ಚಿಗರಿ’ ಬಸ್ಸಿನ ಪ್ರತ್ಯೇಕ ಪಥ, ಎರಡೂ ಬದಿಗೆ ಬೇಲಿ. ಎದುರು ಬದಿಯ ಗಿರಾಕಿ ಯೂ-ಟರ್ನ್ ಹುಡುಕಿಕೊಂಡು ಹೋಗಬೇಕು. ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ. ನಿಲ್ದಾಣದಿಂದ ನಡೆದು ಬರುವಷ್ಟು ಹತ್ತಿರವಿದ್ದ ಔಷಧ ಅಂಗಡಿ, ಜೆರಾಕ್ಸ್, ಊಟದ ಖಾನಾವಳಿಗಳು ಚೇತರಿಸಿಕೊಂಡವು. ಭಾರದ ಸಾಮಾನು ಮಾರುವ ಟೈಲ್ಸ್, ಪೀಠೋಪಕರಣದ ಅಂಗಡಿಗಳು ಒಳರಸ್ತೆಗೆ, ಬೈಪಾಸಿನ ಕಡೆಗೆ ಹೋದವು. ರಸ್ತೆ ಎಷ್ಟು ಅಗಲ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಗಿರಾಕಿ ಎಲ್ಲಿ ಗಾಡಿ ನಿಲ್ಲಿಸುತ್ತಾನೆ ಎಂಬುದನ್ನು ನಾನು ಕೇಳಬೇಕಿತ್ತು.

ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಊರುಗಳು ಈ ಪಾಠವನ್ನು ಮೊದಲೇ ಕಲಿತಿದ್ದವು. ಹಾವೇರಿ, ರಾಣೆಬೆನ್ನೂರು, ದಾವಣಗೆರೆಗಳಲ್ಲಿ ಹೆದ್ದಾರಿ ಊರಾಚೆ ಹೋದಾಗ ಲಾರಿ, ಬಸ್ಸುಗಳನ್ನೇ ನಂಬಿದ್ದ ಅಂಗಡಿಗಳು ತಣ್ಣಗಾದವು, ಊರಿನವರನ್ನು ನಂಬಿದ್ದವು ಉಳಿದವು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದಾಗ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಹಳೆ ರಸ್ತೆಯ ಹೋಟೆಲು, ಗೊಂಬೆ ಅಂಗಡಿಗಳವರು ಪಟ್ಟ ಪಾಡೂ ಇದೇ.

5. ಘೋಷಣೆ ಬಾಡಿಗೆ ಕಟ್ಟುವುದಿಲ್ಲ

ಹುಬ್ಬಳ್ಳಿ ವಿಮಾನ ನಿಲ್ದಾಣದ ಹತ್ತಿರ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಆವರಣ ಏಳುತ್ತಿದ್ದಾಗ ಸುತ್ತಮುತ್ತಲಿನ ಜಾಗದವರಿಗೆ ಕಚೇರಿ ಕಟ್ಟಿ, ಹಿಂದೆಯೇ ಸಣ್ಣ ಕಂಪನಿಗಳು ಬರುತ್ತವೆ ಎಂದು ಹೇಳುತ್ತಾ ಓಡಾಡಿದ್ದೆ. ಆವರಣ ಸಿದ್ಧವಾಗಿಯೂ ವರ್ಷಗಟ್ಟಲೆ ಜನ ಬರಲಿಲ್ಲ. ನನ್ನ ಮಾತು ಕೇಳಿ ಗಾಜಿನ ಮುಖವಿರುವ ನಾಲ್ಕಂತಸ್ತು ಕಟ್ಟಿದವರೊಬ್ಬರು ಕೊನೆಗೆ ಅದನ್ನು ಮದುವೆ ಆರತಕ್ಷತೆಗೂ ವಸತಿಗೂ ಕೊಡಬೇಕಾಯಿತು. ನಾನು ಸುದ್ದಿ ಓದಿದ್ದೆ, ನೇಮಕಾತಿ ನೋಡಿರಲಿಲ್ಲ.

ಹಾಗೆಂದು ಕಚೇರಿ ಬೇಡಿಕೆ ಸುಳ್ಳು ಎನ್ನಲಾರೆ. ‘ಬಿಯಾಂಡ್ ಬೆಂಗಳೂರು’ ಎಂದು ಸರ್ಕಾರ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕಡೆಗೆ ಕಂಪನಿಗಳನ್ನು ಕಳಿಸಲು ಯತ್ನಿಸುತ್ತಿದೆ. 2024ರಲ್ಲಿ ಬಂದ ಜಿಸಿಸಿ (ಜಾಗತಿಕ ಸಾಮರ್ಥ್ಯ ಕೇಂದ್ರ) ನೀತಿಯಲ್ಲಿ 2029ರೊಳಗೆ 500 ಹೊಸ ಕೇಂದ್ರಗಳ ಗುರಿ ಇದೆ. ಅವುಗಳಲ್ಲಿ ಎಷ್ಟು ಬೆಂಗಳೂರು ದಾಟಿ ಬರುತ್ತವೋ ಕಾದು ನೋಡಬೇಕು. ನನ್ನ ಬಳಿಗೆ ಬರುತ್ತಿರುವುದು ಸಣ್ಣವು. ಊರಿಗೆ ಮರಳಿದ ಹುಡುಗರು, ಹುಡುಗಿಯರು ಕಟ್ಟಿದ, ಮೂವತ್ತರಿಂದ ನೂರು ಜನರ ಕಂಪನಿಗಳು. ಅವರಿಗೆ ಗಾಜಿನ ಗೋಡೆ ಬೇಡ. ಬೇರೆ ಬೇರೆ ಕಂಪನಿಯ ಎರಡು ಇಂಟರ್ನೆಟ್ ಲೈನು, ಕರೆಂಟ್ ಹೋದರೂ ನಿಲ್ಲದ ಜನರೇಟರು, ಶುಚಿಯಾದ ಶೌಚಾಲಯ, ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಬೆಳಕಿರುವ ದಾರಿ ಮತ್ತು ಕಾವಲು ಬೇಕು. ಇಷ್ಟನ್ನು ಮಾಡಿ, ಮೇಜು ಕುರ್ಚಿ ಹಾಕಿಕೊಟ್ಟ ಹಳೆಯ ಕಟ್ಟಡಗಳು ಖಾಲಿ ಉಳಿದದ್ದನ್ನು ನಾನು ಕಂಡಿಲ್ಲ.

6. ಧಾರವಾಡದ ದೊಡ್ಡ ಬಾಡಿಗೆದಾರ ಸ್ಪರ್ಧಾತ್ಮಕ ಪರೀಕ್ಷೆ

ಸಪ್ತಾಪುರದ ಬೀದಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಚಿಂಗ್ ಕ್ಲಾಸು, ಓದುವ ಕೋಣೆ, ಪುಸ್ತಕದಂಗಡಿ, ಜೆರಾಕ್ಸ್, ಮೆಸ್ಸು, ಎಲ್ಲವೂ ನಿಂತಿರುವುದು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಬರೆಯಲು ಹಳ್ಳಿಗಳಿಂದ ಬಂದ ಮಕ್ಕಳ ಮೇಲೆ. ಅಲ್ಲಿ ಮೂರನೇ ಮಹಡಿಯೂ ತುಂಬುತ್ತದೆ. ಅದನ್ನು ನೋಡಿ, ಅಲ್ಲಿನ ಬಾಡಿಗೆಗೆ ಸೋಲೇ ಇಲ್ಲ ಎಂದು ತಿಳಿದಿದ್ದೆ. 2022ರಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಯಿತು. 2024ರ ಅಕ್ಟೋಬರ್‌ನಲ್ಲಿ ಸರ್ಕಾರ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸದಿರಲು ನಿರ್ಧರಿಸಿತು. ಅಧಿಸೂಚನೆ ನಿಂತಾಗ ಮಕ್ಕಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಾರೆ. ಓದುವ ಕೋಣೆಯ ಕುರ್ಚಿಗಳು ಖಾಲಿಯಾದ ಕೆಲವೇ ತಿಂಗಳಿಗೆ ಬಾಡಿಗೆ ಬಾಕಿ ಶುರುವಾಗುತ್ತದೆ. ಆ ಮಕ್ಕಳ ಸಂಕಟದ ಮುಂದೆ ಮಾಲೀಕರ ನಷ್ಟ ಸಣ್ಣದು ಎಂದು ನನಗೆ ಗೊತ್ತು. ಆದರೂ ಅಲ್ಲಿ ಕಟ್ಟಲು ಹೊರಟವರಿಗೆ, ಒಂದು ವರ್ಷ ಬಾಡಿಗೆ ಬರದಿದ್ದರೂ ತಡೆಯುವ ಶಕ್ತಿ ಇದ್ದರೆ ಮಾತ್ರ ಮುಂದುವರಿಯಿರಿ ಎನ್ನುತ್ತೇನೆ.

7. ಕಂಬ ನೋಡದೆ ಬೋರ್ಡ್ ಹಾಕಬಾರದು

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿಯಿತು. 19 ಜನ ಸತ್ತರು. ಮೇಲೆ ಕೆಲಸ ನಡೆಯುತ್ತಿದ್ದಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದವು. ಆ ಕಟ್ಟಡಕ್ಕೂ ನನಗೂ ಸಂಬಂಧವಿರಲಿಲ್ಲ. ಆದರೆ ಮೇಲಿನ ಮಹಡಿ ಮುಗಿಯುವ ಮೊದಲೇ ಕೆಳಗೆ ಬಾಡಿಗೆದಾರರನ್ನು ಕೂರಿಸುವುದು ನಾನೂ ಮಾಡುತ್ತಿದ್ದ ಕೆಲಸ. ಬೇಗ ಬಾಡಿಗೆ ಶುರುವಾಗಲಿ ಎಂದು ಮಾಲೀಕರಿಗೆ ಹುರುಪು ತುಂಬುತ್ತಿದ್ದವನು ನಾನೇ. ಅಂದು ಸಂಜೆ ಮನೆಯಲ್ಲಿ ಕುಳಿತು ನಾನು ಕೂರಿಸಿದ್ದ ಅಂಗಡಿಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ.

ಅಂದಿನಿಂದ ಕಟ್ಟಡ ಮುಗಿದ ಪ್ರಮಾಣಪತ್ರ ಇಲ್ಲದ ಜಾಗಕ್ಕೆ ಯಾರನ್ನೂ ಕರೆದೊಯ್ಯುವುದಿಲ್ಲ. ಹಳೆ ಕಟ್ಟಡದ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದ್ದರೆ, ಬೇಸ್‌ಮೆಂಟಿನಲ್ಲಿ ಕಂಬದ ಪಕ್ಕ ಗೋಡೆ ಒಡೆದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಪಾರ್ಕಿಂಗ್‌ಗೆಂದು ಮಂಜೂರಾದ ಬೇಸ್‌ಮೆಂಟನ್ನು ಮಳಿಗೆ ಮಾಡಿದ್ದರೆ ಅಲ್ಲಿ ಯಾರನ್ನೂ ಕೂರಿಸುವುದಿಲ್ಲ. ಇದರಿಂದ ಕೈ ತಪ್ಪಿದ ವ್ಯವಹಾರಗಳಿವೆ. ತಪ್ಪಲಿ.

8. ಕಾಗದ ಸಣ್ಣದು ಎಂದುಕೊಂಡರೆ ನಷ್ಟ ದೊಡ್ಡದು

ಹನ್ನೊಂದು ತಿಂಗಳ ಕರಾರು ಬರೆದು, ಅದರೊಳಗೇ ಮೂರು ವರ್ಷದ ಲಾಕ್-ಇನ್ ಸೇರಿಸಿದರೆ ಜಾಣತನ ಎಂದು ತಿಳಿದಿದ್ದ ಕಾಲ ಒಂದಿತ್ತು. ನೋಂದಣಿ ಖರ್ಚು ಉಳಿಯುತ್ತಿತ್ತು. ಮೊಬೈಲ್ ಅಂಗಡಿಯವರು ವರ್ಷ ತುಂಬುವ ಮೊದಲೇ ಬೀಗ ಕೊಟ್ಟು ಹೋದಾಗ ವಕೀಲರ ಬಳಿ ಓಡಿದೆ. ಒಂದು ವರ್ಷ ಮೀರಿದ ಲೀಸ್ ನೋಂದಣಿಯಾಗಬೇಕು, ಆಗದ ಕಾಗದ ಹಿಡಿದು ಉಳಿದ ಬಾಡಿಗೆ ಕೇಳಿದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ ಎಂದರು. ಮಾಲೀಕರ ಮುಖ ನೋಡಲಾಗಲಿಲ್ಲ.

ತೆರಿಗೆಯೂ ಹಾಗೆಯೇ. 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿ ಇಲ್ಲದ ಮಾಲೀಕ ನೋಂದಣಿ ಇರುವ ವ್ಯಾಪಾರಿಗೆ ಮಳಿಗೆ ಕೊಟ್ಟರೆ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಗಳನ್ನು 2025ರ ಜನವರಿಯಲ್ಲಿ ಇದರಿಂದ ಹೊರಗಿಟ್ಟರು. ಕಟ್ಟಿದ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಲ್ಲವನಿಗೆ ಇದು ಭಾರವಲ್ಲ. ಕಳೆದುಕೊಳ್ಳಲಾಗದವನಿಗೆ 30 ಸಾವಿರದ ಮಳಿಗೆ 35,400ಕ್ಕೆ ಬೀಳುತ್ತದೆ. ಮಾತುಕತೆ ಕೂರುವ ಮೊದಲು ಬಾಡಿಗೆದಾರ ಯಾವ ಗುಂಪಿಗೆ ಸೇರಿದವನು ಎಂದು ಕೇಳಿ ತಿಳಿದುಕೊಳ್ಳಿ. ಉತಾರ, ಎನ್‌ಎ (ಕೃಷಿಯೇತರ) ಆದೇಶ, ಇ-ಖಾತೆ ಸರಿಯಾಗಿವೆಯೇ ಎಂದು ಮೊದಲ ದಿನವೇ ನೋಡಿ. ದೊಡ್ಡ ಅಂಗಡಿಗಳ ವಕೀಲರು ಇವನ್ನು ನೋಡದೆ ಸಹಿ ಹಾಕುವುದಿಲ್ಲ.

9. ಗೋದಾಮನ್ನು ಕೀಳಾಗಿ ಕಾಣಬೇಡಿ

ತಗಡಿನ ಶೆಡ್ಡಿನಲ್ಲಿ ಏನು ಮರ್ಯಾದೆ ಎಂದು ಕೇಳಿದ ಮಾಲೀಕರಿದ್ದಾರೆ. ನನಗೂ ಹಾಗೇ ಅನಿಸುತ್ತಿತ್ತು. ಹುಬ್ಬಳ್ಳಿಗೆ ಮೂರು ರಾಷ್ಟ್ರೀಯ ಹೆದ್ದಾರಿಗಳು ಬಂದು ಸೇರುತ್ತವೆ: ಬೆಂಗಳೂರು-ಪುಣೆ ಕಡೆಯ 48, ವಿಜಯಪುರ-ಸೊಲ್ಲಾಪುರ ಕಡೆಯ 52, ಗದಗ-ಬಳ್ಳಾರಿ ಕಡೆಯ 67. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ, ರಾಜ್ಯಕ್ಕೊಂದು ಡಿಪೊ ಇಡಬೇಕಾದ ತೆರಿಗೆಯ ಕಾರಣ ಹೋಯಿತು. ಸಣ್ಣ ಡಿಪೊಗಳು ಮುಚ್ಚಿದಾಗ ಗೋದಾಮಿನ ಕಾಲ ಮುಗಿಯಿತು ಎಂದುಕೊಂಡೆ, ಎರಡು ಒಳ್ಳೆಯ ಜಾಗಗಳಿಗೆ ಅಗ್ಗದ ಬಾಡಿಗೆಯ ದೀರ್ಘ ಕರಾರು ಮಾಡಿಸಿಬಿಟ್ಟೆ. ಆನ್‌ಲೈನ್ ವ್ಯಾಪಾರದ ಪಾರ್ಸೆಲ್ ಕೇಂದ್ರಗಳು ಅದರ ಹಿಂದೆಯೇ ಬಂದವು. ಗಬ್ಬೂರು, ತಾರಿಹಾಳ, ವರೂರು ಕಡೆ ಜಾಗ ಕೇಳಿಕೊಂಡು ಬರುವವರು ಇವತ್ತಿಗೂ ಇದ್ದಾರೆ. ಅವರು ಕೇಳುವುದು ಇಷ್ಟು: 32 ಅಡಿಯ ಕಂಟೇನರ್ ಲಾರಿ ತಿರುಗುವ ಅಂಗಳ, ಎತ್ತರದ ಮಾಡು, ಲಾರಿಯ ಮಟ್ಟಕ್ಕೆ ಏರಿಸಿದ ನೆಲ, ಮಳೆನೀರು ನುಗ್ಗದ ಚರಂಡಿ. ಕಾಂಪ್ಲೆಕ್ಸಿಗೆ ಹೋಲಿಸಿದರೆ ಕಟ್ಟುವ ಖರ್ಚು ಕಡಿಮೆ, ಇಡೀ ಶೆಡ್ಡಿಗೆ ಒಬ್ಬನೇ ಬಾಡಿಗೆದಾರ, ಮಹಡಿಯ ತಲೆನೋವಿಲ್ಲ.

10. ಬಾಡಿಗೆ ಇಳಿಸಿದರೆ ಮರ್ಯಾದೆ ಹೋಗುವುದಿಲ್ಲ

“ನಲವತ್ತಕ್ಕ ಕಮ್ಮಿ ಕೊಡಂಗಿಲ್ಲ, ಖಾಲಿ ಇದ್ರ ಇರ್ಲಿ” ಎನ್ನುವ ಮಾಲೀಕರನ್ನು ಮುಂಚೆ ನಾನೂ ಬೆಂಬಲಿಸುತ್ತಿದ್ದೆ. ಒಮ್ಮೆ ಇಳಿಸಿದರೆ ಇಡೀ ಬೀದಿಯ ದರ ಇಳಿಯುತ್ತದೆ ಎಂಬ ಭಯ. 2020ರ ಲಾಕ್‌ಡೌನ್ ಆ ಹಟವನ್ನು ಬಿಡಿಸಿತು. ಮೂರು ತಿಂಗಳ ಬಾಡಿಗೆ ಬಿಟ್ಟುಕೊಟ್ಟು, ಮುಂದಿನ ಆರು ತಿಂಗಳು ಅರ್ಧ ತೆಗೆದುಕೊಂಡ ಮಾಲೀಕರ ಅಂಗಡಿಗಳು ಇಂದಿಗೂ ಅದೇ ಬಾಡಿಗೆದಾರರ ಕೈಯಲ್ಲಿವೆ. ಪೂರ್ತಿ ಕೊಡಿ ಎಂದು ನಿಂತವರ ಶಟರುಗಳು ಎಷ್ಟೋ ಕಾಲ ತೆರೆಯಲಿಲ್ಲ.

ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸುತ್ತೇನೆ. ಕೈಯಲ್ಲಿರುವ ಗಿರಾಕಿ 32 ಸಾವಿರಕ್ಕೆ ಒಪ್ಪಿದ್ದಾನೆ, ಮಾಲೀಕರಿಗೆ 40 ಬೇಕು. ಇಂದೇ ಕೊಟ್ಟರೆ ಮೂರು ವರ್ಷಕ್ಕೆ 11.52 ಲಕ್ಷ. ಎಂಟು ತಿಂಗಳು ಕಾದು 40ಕ್ಕೇ ಕೊಟ್ಟರೆ ಉಳಿದ 28 ತಿಂಗಳಿಗೆ 11.20 ಲಕ್ಷ. ಕಾದದ್ದಕ್ಕೆ ನಷ್ಟ, ಜೊತೆಗೆ ಧೂಳು ಹಿಡಿದ ಅಂಗಡಿ. ಕಡಿಮೆಗೆ ಶುರುಮಾಡಿ, ಎರಡನೇ ವರ್ಷದಿಂದ ಏರುವಂತೆ ಕರಾರು ಬರೆದರೆ ಇಬ್ಬರೂ ಉಳಿಯುತ್ತಾರೆ. ಹೊಸ ಅಂಗಡಿಗೆ ಮೊದಲ ವರ್ಷವೇ ಅತಿ ಕಷ್ಟದ ವರ್ಷ.

11. ಕಟ್ಟುವ ಮೊದಲು ಬಾಡಿಗೆದಾರನೊಂದಿಗೆ ಕುಳಿತುಕೊಳ್ಳಿ

ಮುಂದಿನ ಕೆಲವು ವರ್ಷ ಸಣ್ಣ ಶಹರಗಳ ಬಗ್ಗೆ ನನಗೆ ಭರವಸೆ ಇದೆ. ಬಟ್ಟೆ, ಕಿರಾಣಿಯ ದೊಡ್ಡ ಸರಣಿ ಅಂಗಡಿಗಳು ಜಿಲ್ಲಾ ಕೇಂದ್ರ ಮುಗಿಸಿ ತಾಲ್ಲೂಕಿಗೆ ಇಳಿಯುತ್ತಿವೆ. ರೋಗಪತ್ತೆ ಲ್ಯಾಬು, ಡಯಾಲಿಸಿಸ್ ಕೇಂದ್ರ, ಕಣ್ಣಿನ ಆಸ್ಪತ್ರೆಗಳಿಗೆ ಜಾಗ ಸಾಲುತ್ತಿಲ್ಲ. ಹೆದರಿಕೆ ಇರುವುದು ನೂರು ಚದರ ಅಡಿಯ ಗೂಡುಗಳನ್ನು ಒಬ್ಬೊಬ್ಬರಿಗೆ ಒಂದೊಂದು ಮಾರುವ ಕಾಂಪ್ಲೆಕ್ಸುಗಳ ಬಗ್ಗೆ. ನಾಳೆ ದೊಡ್ಡ ಅಂಗಡಿಯವನು ಇಡೀ ಮಹಡಿ ಕೇಳಿದರೆ ನಲವತ್ತು ಮಾಲೀಕರನ್ನು ಒಂದು ಮಾತಿಗೆ ತರುವುದು ಯಾರಿಂದಲೂ ಆಗದ ಕೆಲಸ. ನಾನು ಪ್ರಯತ್ನಿಸಿ ಸೋತಿದ್ದೇನೆ. ಮೂವತ್ತೆಂಟು ಜನ ಒಪ್ಪಿದ್ದರು, ಬಾಗಿಲ ಬಳಿಯ ಎರಡು ಗೂಡಿನವರು ಒಪ್ಪಲಿಲ್ಲ.

ಸದ್ಯ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರದ ಮನೆತನದ ಒಬ್ಬ ತಾಯಿಯ ಜೊತೆ ಮಾತು ನಡೆದಿದೆ. ಹಳೆ ಪಿ.ಬಿ. ರಸ್ತೆಗೆ ಮುಖ ಮಾಡಿದ 12 ಗುಂಟೆ. ಅವರಿಗೆ ಹತ್ತು ಶಟರಿನ ಸಾಲು ಬೇಕು, ಒಬ್ಬ ಹೋದರೂ ಒಂಬತ್ತು ಜನ ಉಳಿಯುತ್ತಾರೆ ಎಂಬುದು ಅವರ ವಾದ. ಬ್ಯಾಂಕಿನ ಕಥೆ ಕಂಡಿರುವ ನಾನು ಅದನ್ನು ಅಲ್ಲಗಳೆಯಲಾರೆ. ಬಟ್ಟೆಯ ಸರಣಿ ಅಂಗಡಿಯವರಿಗೆ ನಡುವೆ ಗೋಡೆಯಿಲ್ಲದ ಇಡೀ ನೆಲಮಹಡಿ ಬೇಕು, ಅವರು ಆರು ವರ್ಷದ ಲಾಕ್-ಇನ್‌ಗೆ ಮನಸ್ಸು ಮಾಡಿದ್ದಾರೆ. ಕಂಬಗಳ ನಡುವೆ ಅಂತರ ಬಿಟ್ಟು ಕಟ್ಟಿ, ಮುಂಭಾಗದಲ್ಲಿ ಹತ್ತು ಶಟರಿಗೆ ಆಗುವಂತೆ ತೊಲೆ ಇಟ್ಟರೆ ಮುಂದೆ ಬೇಕಾದಾಗ ಇಟ್ಟಿಗೆ ಗೋಡೆ ಎಬ್ಬಿಸಬಹುದು ಎಂದು ಎಂಜಿನಿಯರ್ ಹೇಳಿದ್ದಾರೆ. ಅದಕ್ಕೆ ಉಕ್ಕು ಎಷ್ಟು ಹೆಚ್ಚು ಬೇಕು ಎಂಬ ಲೆಕ್ಕ ಈ ವಾರ ಬರಬೇಕು. ಬಂದ ಮೇಲೆ ಮೂವರೂ ಕೂತು ಮಾತಾಡುತ್ತೇವೆ. ಒಂದು ಕೆಲಸವನ್ನು ಮಾತ್ರ ಆ ತಾಯಿ ಈಗಾಗಲೇ ಮಾಡಿದ್ದಾರೆ: ನಕ್ಷೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯವನ್ನು ಮೊದಲು ಬರೆಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ ಎಂದಿದ್ದಾರೆ.